ಚರ್ಚಿನೊಳಗೆ ಹೇಳಿದ ಮಾತು

ಮಠದ ಜಾಗ ಬಿಟ್ಟು ಹೋಗುವಂತೆ ಕುಂಬಾರರಿಗೆ ಹೇಳಿ ಬಂದ ಶಿಷ್ಯನೊಬ್ಬ ಗುರುವಿನ ಮುಂದೆ ಕುಳಿತು ಕೇಳಿದ: "ಮಾತು ನನ್ನದಲ್ಲ, ಪಾರುಪತ್ಯಗಾರರದು. ಅವರು ಹೇಳಿದ್ದನ್ನು ಹಾಗೆಯೇ ತಲುಪಿಸಿದೆ. ಯಾರೂ ಎದುರಾಡಲಿಲ್ಲ. ಆದರೂ ಮನಸ್ಸು ಚುಚ್ಚುತ್ತಿದೆ. ಇದರಲ್ಲಿ ನನ್ನ ತಪ್ಪೇನು, ಗುರುಗಳೇ?"

ಗುರು ಒಂದು ಕತೆ ಹೇಳಿದರು.

ಬಹುದೂರದ ಬಡಗಣ ದೇಶದಲ್ಲಿ, ಚಳಿಗಾಲಕ್ಕೆ ಕಡಲೇ ಹೆಪ್ಪುಗಟ್ಟುವ ದಂಡೆಯ ಮೇಲೆ, ಇನ್ಯೂಟ್ ಜನರ ಒಂದು ಊರಿತ್ತು. ಮರ ಬೆಳೆಯದ ನೆಲ. ಜನ ಸೀಲ್ ಎಂಬ ಕಡಲಪ್ರಾಣಿಯನ್ನು ಬೇಟೆಯಾಡಿ ಬದುಕುತ್ತಿದ್ದರು. ಬೇಟೆ ಸಿಕ್ಕವನು ಸಿಗದವನಿಗೆ ಕೊಡುತ್ತಿದ್ದ. ಊರ ನಡುವೆ ಒಂದು ಚರ್ಚು. ಅದರೊಳಗೆ ಯಾರೂ ವಾದಿಸಬಾರದು, ದನಿ ಎತ್ತಬಾರದು ಎಂಬುದು ಹಿರಿಯರ ಕಾಲದಿಂದ ಬಂದ ನಡೆ.

ಒಂದು ವಸಂತದಲ್ಲಿ ಪಟ್ಟಣದಿಂದ ಒಬ್ಬ ಅಧಿಕಾರಿ ಬಂದ. ಅವನಿಗೆ ಅವರ ಭಾಷೆ ಬಾರದು. ಎರಡೂ ಭಾಷೆ ಬಲ್ಲವನು ಊರಲ್ಲಿ ಒಬ್ಬನೇ, ಹೆಸರು ಯೋವಾಸ್. ದಂಡೆಯಿಂದ ಮೇಲೆ ಬರುವಾಗಲೇ ಅಧಿಕಾರಿ ಅವನಿಗೆ ವಿಷಯ ತಿಳಿಸಿದ. ಇಷ್ಟು ದೂರಕ್ಕೆ ಸಾಮಾನು, ಔಷಧಿ ಸಾಗಿಸುವುದು ಕಷ್ಟ. ಚಳಿಗಾಲದೊಳಗೆ ಎಲ್ಲರೂ ಊರು ಬಿಟ್ಟು ದಕ್ಷಿಣಕ್ಕೆ ಹೋಗಬೇಕು.

"ಜನರನ್ನು ಎಲ್ಲಿ ಸೇರಿಸೋಣ?" ಎಂದು ಅವನು ಕೇಳಿದ.

ಯೋವಾಸ್ ಚರ್ಚನ್ನು ತೋರಿಸಿದ. ಬಯಲಲ್ಲಿ ಸೇರಿಸಿದರೆ ಜನ ತನ್ನನ್ನೇ ಕೇಳುತ್ತಾರೆ, ತನ್ನನ್ನೇ ಬೈಯುತ್ತಾರೆ ಎಂದು ಅವನಿಗೆ ಗೊತ್ತಿತ್ತು. ಒಳಗಾದರೆ ಯಾರೂ ಬಾಯಿ ತೆರೆಯರು.

ಜನ ಬಂದು ಕುಳಿತರು. ಅಧಿಕಾರಿ ಹೇಳಿದ್ದನ್ನು ಯೋವಾಸ್ ಏನನ್ನೂ ಕೂಡಿಸದೆ, ಏನನ್ನೂ ಬಿಡದೆ ಹೇಳಿದ. ಯಾರದಾದರೂ ಆಕ್ಷೇಪಣೆ ಇದೆಯೇ ಎಂದು ಅಧಿಕಾರಿ ಕೇಳಿದ. ಯೋವಾಸ್ ಅದನ್ನೂ ಹೇಳಿದ. ಹೆಂಗಸರು ನೆಲ ನೋಡಿದರು. ಗಂಡಸರು ಕೈಯಲ್ಲಿದ್ದ ಟೋಪಿ ಹಿಸುಕಿದರು. ಯಾರೂ ಮಾತಾಡಲಿಲ್ಲ. ಎಲ್ಲರೂ ಒಪ್ಪಿದರೆಂದು ಅಧಿಕಾರಿ ಸಂತೋಷದಿಂದ ಹೊರಟುಹೋದ.

ಚಳಿ ಶುರುವಾಗುವ ಮುನ್ನ ದೋಣಿಗಳು ಬಂದವು. ಅಣ್ಣನನ್ನು ಒಂದು ಊರಿಗೆ ಕಳಿಸಿದರು, ತಂಗಿಯನ್ನು ಇನ್ನೊಂದಕ್ಕೆ. ಹೋದ ಕಡೆ ಒಳ್ಳೆಯ ಬೇಟೆಯ ಜಾಗಗಳು ಆಗಲೇ ಬೇರೆಯವರವಾಗಿದ್ದವು. ತಬೇಯಾ ಎಂಬವಳ ಗಂಡ ತನ್ನೂರಿನಲ್ಲಿ ಹತ್ತು ಮನೆಗೆ ಮಾಂಸ ಹಂಚುತ್ತಿದ್ದವನು. ಹೊಸ ಊರಲ್ಲಿ ಕಂಡವರ ಬಾಗಿಲಲ್ಲಿ ನಿಲ್ಲಬೇಕಾಯಿತು. ಆ ನಾಚಿಕೆಗೆ ಹೊರಗೆ ಬರುವುದನ್ನೇ ಬಿಟ್ಟ. ಎರಡನೆಯ ಚಳಿಗಾಲದಲ್ಲಿ ಸತ್ತ. ಅದೇ ಊರಿಗೆ ಹೋಗಿದ್ದ ಯೋವಾಸ್ ತಬೇಯಾ ಎದುರಾದರೆ ದಾರಿ ಬದಲಿಸುತ್ತಿದ್ದ.

ಬಹಳ ವರ್ಷಗಳ ಮೇಲೆ, ಒಂದು ಬೇಸಿಗೆಯಲ್ಲಿ, ಬದುಕುಳಿದವರೆಲ್ಲ ಹಿರಿಯರ ಸಮಾಧಿ ನೋಡಲು ದೋಣಿಯಲ್ಲಿ ಹಳೆಯ ಊರಿಗೆ ಹೋದರು. ಮನೆಗಳ ಮಾಡು ಕುಸಿದಿತ್ತು. ಚರ್ಚು ಮಾತ್ರ ನಿಂತಿತ್ತು. ಎಲ್ಲರೂ ಒಳಗೆ ಹೋದರು. ಯೋವಾಸ್ ಹೊಸ್ತಿಲ ಹೊರಗೇ ಉಳಿದ. ತಬೇಯಾ ಅವನನ್ನು ಕಂಡು ಹೊರಗೆ ಬಂದಳು.

"ಅಕ್ಕಾ, ಆ ದಿನ ನಾನು ಒಂದು ಮಾತನ್ನೂ ತಿರುಚಲಿಲ್ಲ" ಎಂದ ಅವನು.

"ಗೊತ್ತಪ್ಪ. ನಿನ್ನ ಮೇಲೆ ನಮಗೆ ಸಿಟ್ಟಿಲ್ಲ" ಎಂದಳು ಅವಳು. "ಹೊರಗೆ ಬಯಲಲ್ಲಿ ಕೇಳಿದ್ದರೆ ಬೇಡ ಎನ್ನುತ್ತಿದ್ದೆ ಎಂದು ನನ್ನ ಗಂಡ ಸಾಯುವವರೆಗೂ ಕೊರಗಿದ. ಆ ಅಧಿಕಾರಿಗೆ ನಮ್ಮ ನಡೆ ತಿಳಿಯದು, ತಿಳಿಯದೆ ಚರ್ಚಿಗೆ ಕರೆದ ಎಂದು ನಾನೇ ಸಮಾಧಾನ ಹೇಳುತ್ತಿದ್ದೆ."

ಯೋವಾಸ್ ನಿಜ ಹೇಳಲು ಬಾಯಿ ತೆರೆದ. ಒಳಗೆ ಬಾ ಎಂದು ತಬೇಯಾ ಅವನ ಕೈ ಹಿಡಿದಳು. ಅವನು ಕೈ ಬಿಡಿಸಿಕೊಂಡು ದೋಣಿಯ ಕಡೆಗೆ ನಡೆದ.

ಗುರು ಅಲ್ಲಿಗೆ ನಿಲ್ಲಿಸಿದರು. ಶಿಷ್ಯ, "ಆ ಅಧಿಕಾರಿಗೆ ಶಿಕ್ಷೆಯಾಗಲಿಲ್ಲವೇ?" ಎಂದು ಕೇಳಿದ.

ಗುರು ಹೇಳಿದರು: "ಊಟದ ಹೊತ್ತಿಗೆ ಯಾರೂ ಎದುರಾಡದ ಮಠದ ಪಂಕ್ತಿಯಲ್ಲಿ ಕುಂಬಾರರು ಎಲೆಯ ಮುಂದೆ ಕುಳಿತಿರುವಾಗಲೇ ಹೇಳು ಎಂದೂ ಪಾರುಪತ್ಯಗಾರರೇ ಹೇಳಿದ್ದರೇ, ಮಗು?"