ಸವಳು ಮಣ್ಣಿನ ಮಾಳಿಗೆ

ಮಲಪ್ರಭೆಯ ದಂಡೆಯ ಹೊಲದ ಮನೆಯೊಂದರಲ್ಲಿ ಒಬ್ಬ ಗುರು ಇದ್ದರು. ಜನ ಅವರನ್ನು ಅಜ್ಜಾರು ಎನ್ನುತ್ತಿದ್ದರು. ಜೊತೆಗೆ ಅಡಿವೆಯ್ಯನೆಂಬ ಶಿಷ್ಯ.

ಆ ಮನೆಯನ್ನು ಕಟ್ಟಿಸಿದವಳು ನಿಂಗನಗೌಡರ ಮುತ್ತಜ್ಜಿ ಬಾಳವ್ವ. ದಪ್ಪ ಮಣ್ಣಿನ ಗೋಡೆ, ಬೇವಿನ ತೊಲೆ, ಮೇಲೆ ಮಣ್ಣು ಬಡಿದ ಸಮತಟ್ಟು ಚಾವಣಿ, ಅಂದರೆ ಮಾಳಿಗೆ. ಗೌಡರು ಅದನ್ನು ಅಜ್ಜಾರಿಗೆ ಬಿಟ್ಟುಕೊಟ್ಟಿದ್ದರು.

ಒಂದು ಮಳೆಗಾಲದಲ್ಲಿ ಮಾಳಿಗೆ ಅರ್ಧ ಕುಸಿಯಿತು.

ಗೌಡರು ಬಂದು ನೋಡಿದರು. "ಕೆಡವಿ ಸ್ಲ್ಯಾಬ್ ಹಾಕಿಸೋಣ್ರಿ ಅಜ್ಜಾರ. ಮಣ್ಣಿನ ಕಾಲ ಮುಗೀತು."

ಅಡಿವೆಯ್ಯ ತಡೆಯಲಾರದೆ ಹೇಳಿದ: "ಮೊದಲು ಹೆಂಗಿತ್ತೋ ಹಂಗ ನಾ ನಿಲ್ಲಸ್ತೀನ್ರಿ."

ಗೌಡರು ವ್ಯವಹಾರಸ್ಥರು. ಮಾತನ್ನು ಅಲ್ಲಿಗೇ ಕಟ್ಟಿಹಾಕಿದರು. "ಆತು. ಬರೂ ವರ್ಷದ ಆರಿದ್ರಾ ಮಳಿಗೆ ನಾನ ಬಂದು ಒಳಗ ಕೂಡ್ತೀನಿ. ಒಂದು ಹನಿ ಬಿತ್ತೋ, ಮರುದಿನ ಕೆಡವಸ್ತೀನಿ."

ಅಜ್ಜಾರು ತಲೆಯಾಡಿಸಿದರು.

ಅಡಿವೆಯ್ಯ ಮುರಿದ ತೊಲೆ ಬದಲಿಸಿದ, ಜಂತಿ ಜೋಡಿಸಿದ, ಬೇವಿನ ಸೊಪ್ಪು ಹಾಸಿದ. ಇನ್ನು ಮಣ್ಣು.

ಮಾಳಿಗೆಗೆ ಮಣ್ಣು ಹಾಕುವ ಹುಲಿಗೆವ್ವ ಹಳ್ಳದ ಬದಿಯಿಂದ ಬುಟ್ಟಿ ತುಂಬಿಕೊಂಡು ಬಂದಳು. ಬಿಳಿ ಉಪ್ಪು ಒಡೆದ ಸವಳು ಮಣ್ಣು.

ಅಡಿವೆಯ್ಯ ಅಡ್ಡ ನಿಂತ. "ಹುಲ್ಲುಕಡ್ಡಿ ಸುದ್ದಾ ಹುಟ್ಟದ ಮಣ್ಣು ಇದು. ಅಜ್ಜಾರ ತಲಿ ಮ್ಯಾಲೆ ಇದನ್ನ ಹಾಕ್ತೀಯೇನು?"

"ಮತ್ತೇನು ಹಾಕ್ತೀರಿ ಸ್ವಾಮ್ಯಾರ, ಸಕ್ಕರಿ?" ಎಂದು ಹುಲಿಗೆವ್ವ ಬುಟ್ಟಿ ಬೋರಲು ಹಾಕಿ ಹೋದಳು.

ಅಡಿವೆಯ್ಯ ಊರಲ್ಲೇ ಮೇಲಾದ ಹೊಲದಿಂದ ಕಪ್ಪು ಎರೆಮಣ್ಣು ತಂದ. ಎಂಟು ದಿನ ಒಬ್ಬನೇ ಹೊತ್ತ, ತುಳಿದ, ಬಡಿದ. ಕಪ್ಪಗೆ ಮಿಂಚುವ ಮಾಳಿಗೆ ನೋಡಿ ಎದೆ ಉಬ್ಬಿತು.

"ಹೆಂಗೈತ್ರಿ ಅಜ್ಜಾರ?"

"ಮಳಿ ಬರ್ಲಿ, ಅದನ್ನ ಕೇಳೋಣು."

ಬಿಸಿಲಿಗೆ ಎರೆಮಣ್ಣು ಬಿರಿಯಿತು. ಮುಂಗಾರಿಗೆ ಮೊದಲಿನ ಅಡ್ಡಮಳೆಗೆ ಬಿರುಕಿನಲ್ಲಿ ಹುಲ್ಲು ಚಿಗುರಿತು. ಹಸಿರು ಬಂತೆಂದು ಅಡಿವೆಯ್ಯ ಅದಕ್ಕೂ ಹಿಗ್ಗಿದ.

ರೋಹಿಣಿ ಮಳೆ ಒಂದು ತಾಸು ಸುರಿಯಿತು. ಪಡಸಾಲೆಯಲ್ಲಿ ಏಳು ಕಡೆ ಸೋರಿತು.

ಅಜ್ಜಾರು ತಮ್ಮ ಚಾಪೆಯನ್ನು ಎಳೆದು ಎಲ್ಲಕ್ಕಿಂತ ದೊಡ್ಡ ಸೋರಿಕೆಯ ಕೆಳಗೆ ಹಾಕಿಕೊಂಡು ಕೂತರು. ಹನಿ ನೆತ್ತಿಯ ಮೇಲೇ ಬೀಳುತ್ತಿತ್ತು.

"ಅಜ್ಜಾರ, ಈ ಕಡೆ ಸರೀರಿ!"

"ಮ್ಯಾಲೆ ಹೊಲ ಛಲೋ ಮಾಡೀಯಪ್ಪ. ಮನಿ ಯಾವಾಗ ಮಾಡ್ತೀ?"

ಮಳೆ ನಿಂತ ಮೇಲೆ ಅಡಿವೆಯ್ಯ ಹುಲಿಗೆವ್ವನ ಬಾಗಿಲಿಗೆ ಹೋದ. ಆರಿದ್ರಾಕ್ಕೆ ಇಪ್ಪತ್ತು ದಿನವೂ ಉಳಿದಿರಲಿಲ್ಲ.

"ಯಾಕ್ರಿ ಸ್ವಾಮ್ಯಾರ, ಮಾಳಿಗಿ ಮ್ಯಾಲೆ ಜ್ವಾಳ ಎಷ್ಟುದ್ದ ಬಂತು?"

ಅವನು ತಲೆ ತಗ್ಗಿಸಿದ. "ತಪ್ಪಾತವ್ವ. ಮಣ್ಣು ಹಾಕೂದು ಕಲಿಸಿಕೊಡು."

"ಹಂಗಾರ ಬುಟ್ಟಿ ಹೊರ್ರಿ."

ಎರೆಮಣ್ಣನ್ನೆಲ್ಲ ಕೆರೆದು ಹೊಲಕ್ಕೆ ಹಾಕಿದರು. ಹಳ್ಳದಿಂದ ಸವಳು ಹೊತ್ತು ತಂದರು. ನೀರು ಹರಿದು ಹೋಗುವಷ್ಟೇ ಇಳಿಜಾರು ಕೊಟ್ಟು ಬಡಿದರು.

"ಏನೂ ಬೆಳೆಯದ ಮಣ್ಣು ಮಳಿ ಹೆಂಗ ತಡೀತೈತಿ?" ಅಡಿವೆಯ್ಯ ಕೇಳಿದ.

"ಬೆಳೆಸೋ ಮಣ್ಣು ನೀರು ಕುಡೀತೈತ್ರಿ. ಇದು ಕುಡಿಯೂದಿಲ್ಲ. ಅದಕ್ಕ ಅದು ಕೆಳಗ, ಇದು ಮ್ಯಾಲೆ." ಅವಳು ಬಡಿಯುತ್ತಲೇ ಹೇಳಿದಳು. "ಬಾಳವ್ವನ ಕಾಲದಿಂದ ಇಲ್ಲಿ ಆಡಿದ್ದು ನಮ್ಮ ಮಂದೀ ಕೈ. ಉಗಾದಿ ಮುಗೀತು ಅಂದ್ರ ಹಳೇದು ಕೆರೆಯೂದು, ಹೊಸಾದು ಬಡಿಯೂದು. ಒಂದು ವರ್ಷಾನೂ ತಪ್ಪಿಸಿದ್ದಿಲ್ಲ. ಹೋದ ವರ್ಷ ನಾ ಕಾಲು ಮುರಕೊಂಡು ಬಿದ್ದಿದ್ದೆ. ನೋಡ್ರಿ, ಕುಸದ ಬಿಡ್ತು."

ಅವಳ ದನಿಯಲ್ಲಿ ದುಃಖವಿರಲಿಲ್ಲ. ಬಿಗುಮಾನವಿತ್ತು.

ಆರಿದ್ರಾ ಬಂತು. ಗೌಡರೂ ಬಂದರು. ಒಗೆದ ದೋತರ ಉಟ್ಟು ಪಡಸಾಲೆಯ ನಡುವೆ ಕೂತು ಮೇಲೆ ನೋಡತೊಡಗಿದರು. ಅಡಿವೆಯ್ಯ ಕಂಬಕ್ಕೆ ಒರಗಿ ನಿಂತ. ಹುಲಿಗೆವ್ವ ಹೊಸ್ತಿಲ ಬಳಿ ನಿರಾಳವಾಗಿ ಎಲೆ ಅಡಿಕೆ ಜಗಿಯುತ್ತಿದ್ದಳು.

ಮಳೆ ಎರಡು ತಾಸು ಹೊಯ್ದಿತು. ಹೊರಗೆ ಮಾಳಿಗೆಯ ಹರನಾಳಿಗೆಯಿಂದ ನೀರು ಧೋ ಎಂದು ಸುರಿಯಿತು.

ಗೌಡರು ಎದ್ದು ನಾಲ್ಕೂ ಮೂಲೆಗೆ ಹೋಗಿ ಗೋಡೆ ಮುಟ್ಟಿ ನೋಡಿದರು. ಅಂಗೈ ಒಣಗಿಯೇ ಇತ್ತು.

"ಸ್ಲ್ಯಾಬಿನ ಮಾತು ಬಿಟ್ಟೆ," ಎಂದರು. ಅಡಿವೆಯ್ಯ ಕಂಬ ಬಿಟ್ಟು ಮುಂದೆ ಬಂದ.

ಗೌಡರ ಕೈ ತಾನಾಗಿ ಮೀಸೆಗೆ ಹೋಯಿತು. "ನಮ್ಮ ಬಾಳವ್ವನ ಮನಿ ಅಂದ್ರ ಸುಮ್ಮನಲ್ಲ! ಅಜ್ಜಾರ, ಬಾಗಲಿಗೆ ಕಲ್ಲು ಕೂಡಸ್ತೀನ್ರಿ. 'ನೂರಾ ನಲವತ್ತು ವರ್ಷದ ಹಳೇ ಮನಿ' ಅಂತ ಕೊರಸ್ತೀನಿ."

ಅಜ್ಜಾರು ನಕ್ಕರು.

"ಕೊರಸಬ್ಯಾಡ್ರಿ ಗೌಡ್ರ, ಸುಣ್ಣದಾಗ ಬರಸ್ರಿ. ಈ ಮನಿ ನೂರಾ ನಲವತ್ತು ಸಲ ಹೊಸಾದಾಗೈತಿ. ಬರೂ ಉಗಾದಿಗೆ ಅಡಿವೆಯ್ಯ ಅಂಕಿ ತಿದ್ದಬೇಕು."