ದಾನಮ್ಮ ಲಿನಕ್ಸ್ ಹಾಕಿದ್ದು

ಮಲಪ್ರಭೆಯ ದಂಡೆಗೆ ಒಂದು ಸಣ್ಣ ಮಠ. ಅದರಲ್ಲಿ ಅಜ್ಜಾರು, ಅವರ ಶಿಷ್ಯೆ ದಾನಮ್ಮ, ಒಂದು ಮುದಿ ಕಂಪ್ಯೂಟರ್. ಈ ಮೂವರಲ್ಲಿ ಸಿಡುಕು ಹೆಚ್ಚು ಕಂಪ್ಯೂಟರಿಗೇ.

ಬೆಳಗ್ಗೆ ಚಾಲೂ ಮಾಡಿದರೆ ಪೂಜೆ ಮುಗಿಯುವ ಹೊತ್ತಿಗೆ ಕಣ್ಣು ಬಿಡುವುದು. ಮನಸ್ಸು ಬಂದರೆ ಕೆಲಸ ಮಾಡುವುದು, ಇಲ್ಲವಾದರೆ ನಡುವೆಯೇ ನಿಂತುಬಿಡುವುದು. ಅದನ್ನು ನಡೆಸುವ ತಂತ್ರಾಂಶ ಮಾರಿದ ಕಂಪನಿಯವರು, ಇಷ್ಟು ಹಳೆಯ ಯಂತ್ರಕ್ಕೆ ಇನ್ನು ನಾವು ಹೊಣೆಯಲ್ಲ, ಹೊಸದು ಕೊಳ್ಳಿ ಎಂದು ಪರದೆಯ ಮೂಲೆಯಲ್ಲಿ ದಿನಾ ಹೇಳುತ್ತಿದ್ದರು.

ಹಾಳಾಗಿ ಹೋಗಲಿ ಎಂದು ಬಿಡುವ ಹಾಗಿರಲಿಲ್ಲ. ಅಜ್ಜಾರ ದನಿ ಅದರೊಳಗಿತ್ತು.

ಅಜ್ಜಾರು ತತ್ವಪದ ಹಾಡುತ್ತಿದ್ದರು. ತಮ್ಮ ಗುರುವಿನ ಬಾಯಿಂದ ಕೇಳಿ ಕಲಿತ ಪದಗಳು, ಎಲ್ಲಿಯೂ ಅಚ್ಚಾಗದವು. ಗಂಟಲಿಗೆ ಹುಣ್ಣಾಗಿ ಆಪರೇಷನ್ ಮಾಡಿಸಬೇಕೆಂದು ಡಾಕ್ಟರು ಹೇಳಿದಾಗ, ದಾನಮ್ಮ ಅವರನ್ನು ಕೂಡಿಸಿ ಒಂದೊಂದೇ ಪದ ಹಾಡಿಸಿ ರೆಕಾರ್ಡ್ ಮಾಡಿಟ್ಟಳು.

ಆಪರೇಷನ್ ಆಯಿತು. ಅಜ್ಜಾರು ಉಳಿದರು, ದನಿ ಉಳಿಯಲಿಲ್ಲ. ಈಗ ಅವರದು ಬರೀ ಪಿಸುಮಾತು. ಕೇಳಬೇಕೆಂದರೆ ಹತ್ತಿರ ಹೋಗಿ ಕೂರಬೇಕು.

ಒಂದು ಸಲ ಮೈಲಾರಪ್ಪ ಮಾಸ್ತರು ಮಠಕ್ಕೆ ಬಂದರು. ಪೇಟೆಯ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವವರು. ಯಂತ್ರದ ಪಾಡು ನೋಡಿ ಹೇಳಿದರು.

"ಈ ಕಂಪನಿ ತಂತ್ರಾಂಶ ತೆಗೆದು ಲಿನಕ್ಸ್ ಅನ್ನೂ ತಂತ್ರಾಂಶ ಹಾಕ್ರಿ. ಪುಕ್ಕಟ ಸಿಗ್ತೈತಿ, ಹಳೇ ಯಂತ್ರದ ಮ್ಯಾಲೂ ಚಂದ ಓಡ್ತೈತಿ. ಅದನ್ನ ಯಾರ ಬೇಕಾದ್ರೂ ತೆರೆದು ನೋಡಬಹುದು, ತಿದ್ದಬಹುದು, ಮತ್ತೊಬ್ಬರಿಗಿ ಕೊಡಬಹುದು."

ಅಜ್ಜಾರಿಗೆ ಆ ಕೊನೆಯ ಮಾತು ಹಿಡಿಸಿತು.

"ನಮ್ಮ ಪದಾನೂ ಹಂಗ ಬಂದಾವು," ಎಂದರು. "ದಾನಮ್ಮಾ, ಹಾಕಿಬಿಡು."

ದಾನಮ್ಮ ಒಂದು ಹೆಜ್ಜೆ ಹಿಂದೆ ಸರಿದಳು.

"ನಾನಾ? ಮಾಸ್ತರ ಹಾಕ್ಲಿ ಬಿಡ್ರಿ ಅಜ್ಜಾರ."

"ಮಾಸ್ತರು ಸಂಜಿ ಬಸ್ಸಿಗಿ ಹೋಗ್ತಾರ. ನೀ ಇಲ್ಲೇ ಇರಾಕಿ."

ಮಾಸ್ತರು ಹೋಗುವ ಮೊದಲು ದಾರಿ ಹೇಳಿಕೊಟ್ಟರು. ಮೊದಲು ಹಾಡುಗಳ ನಕಲು ಪೆನ್‌ಡ್ರೈವಿಗೆ. ಆಮೇಲೆ ಲಿನಕ್ಸ್ ಇಳಿಸಿಕೊಂಡು ಪೆನ್‌ಡ್ರೈವಿಗೆ ಬರೆಯುವುದು. ಆಮೇಲೆ ಆ ಪೆನ್‌ಡ್ರೈವ್ ಚುಚ್ಚಿ ಯಂತ್ರ ಚಾಲೂ ಮಾಡುವುದು.

"ಇಷ್ಟ ನೋಡ್ರಿ. ಏನೂ ಇಲ್ಲ," ಎಂದರು. ಬಲ್ಲವರಿಗೆ ಯಾವಾಗಲೂ ಏನೂ ಇಲ್ಲ.

ದಾನಮ್ಮನಿಗೆ ನೆಪಗಳಿಗೇನು ಬರ?

"ಇವತ್ತ ಅಮಾಸಿ ಅಜ್ಜಾರ."

"ಇವತ್ತ ಕರೆಂಟಿನ ಭರೋಸಾ ಇಲ್ರಿ."

"ಇವತ್ತ ರೊಟ್ಟಿ ಬಡಿಯೂದು ಭಾಳ ಐತ್ರಿ."

ಅಜ್ಜಾರು ಸುಮ್ಮನಿದ್ದರು. ಕಂಪ್ಯೂಟರ್ ಸುಮ್ಮನಿರಲಿಲ್ಲ. ಒಂದು ದಿನ ಮಧ್ಯಾಹ್ನವಾದರೂ ಏಳಲಿಲ್ಲ. ದಾನಮ್ಮ ಬೇಡಿಕೊಂಡಳು, ಬೈದಳು, ಸೆರಗಿನಿಂದ ಒರೆಸಿದಳು. ಊಟದ ಹೊತ್ತಿಗೆ ಅದು ತನ್ನಷ್ಟಕ್ಕೆ ತಾನೇ ಎದ್ದಿತು. ಅಷ್ಟರಲ್ಲಿ ಅವಳ ಜೀವ ಬಾಯಿಗೆ ಬಂದಿತ್ತು.

ಅಜ್ಜಾರ ಮುಂದೆ ಹೋಗಿ ಕುಳಿತಳು.

"ಅಜ್ಜಾರ, ಮುಟ್ಟಿದ್ರ ಹೋಗ್ತೈತಿ ಅಂತ ಅಂಜಿಕಿ. ಬಿಟ್ರ ಸಾಯ್ತೈತಿ ಅಂತ ಅಂಜಿಕಿ. ನಾ ಎಲ್ಲಿ ಹೋಗ್ಲಿ?"

"ಛಲೋ ಆತಲ್ಲ," ಎಂದರು ಅಜ್ಜಾರು. "ಓಡಿ ಹೋಗಾಕ ಜಾಗ ಇಲ್ಲ ಅಂದಮ್ಯಾಲ ಕುಂತು ಕೆಲಸಾ ಮಾಡು."

ಆ ಮಠದಲ್ಲಿ ಒಂದು ರೂಢಿಯಿತ್ತು. ಒಲೆ ಹೊತ್ತಿಸಲಿ, ಬಾವಿಗೆ ಕೊಡ ಇಳಿಸಲಿ, ಕೆಲಸಕ್ಕೆ ಮೊದಲು ಕಣ್ಣು ಮುಚ್ಚಿ ಶಿವನ ಹೆಸರು ಹೇಳಬೇಕು. ದಾನಮ್ಮ ಕಂಪ್ಯೂಟರಿನ ಮುಂದೆಯೂ ಇದನ್ನು ಬಿಟ್ಟವಳಲ್ಲ. ಪರದೆಯ ಮೇಲೆ ಏನಾದರೂ ಪ್ರಶ್ನೆ ಬಂತೋ, ಕಣ್ಣು ಮುಚ್ಚಿ "ಶಿವಾ" ಎಂದು ಒಪ್ಪಿಗೆಯ ಗುಂಡಿ ಒತ್ತಿಬಿಡುವಳು. ಪ್ರಶ್ನೆ ಇಂಗ್ಲಿಷಿನಲ್ಲಿದ್ದು, ಅಕ್ಷರ ಕೆಂಪಗಿದ್ದರೆ ಕಣ್ಣು ಇನ್ನಷ್ಟು ಬಿಗಿಯಾಗುತ್ತಿತ್ತು.

ಹಾಗೆಯೇ ಕೆಲಸ ಶುರು ಮಾಡಿದಳು. ಹಾಡುಗಳನ್ನು ಮಠದ ಪೆನ್‌ಡ್ರೈವಿಗೆ ಹಾಕಿದಳು. ಲಿನಕ್ಸ್ ಇಳಿಸಿಕೊಂಡು ಪೆನ್‌ಡ್ರೈವಿಗೆ ಬರೆದಳು. ನಡುವೆ ಯಂತ್ರ ಏನೇನೋ ಕೇಳಿತು. ಶಿವಾ, ಶಿವಾ ಎನ್ನುತ್ತ ದಾಟಿಸಿದಳು.

ಮರುದಿನ ಬೆಳಗ್ಗೆ ಪೂಜೆಯಾದ ಮೇಲೆ ಅಜ್ಜಾರನ್ನು ಕರೆದಳು.

"ನೀವು ಬಾಜೂಕ ಕುಂದ್ರಬೇಕ್ರಿ. ಇಲ್ಲಂದ್ರ ನನ್ನ ಕೈಲೆ ಆಗೂದಿಲ್ಲ."

ಅಜ್ಜಾರು ಬಂದು ಚಾಪೆಯ ಮೇಲೆ ಕುಳಿತರು.

ಪೆನ್‌ಡ್ರೈವ್ ಚುಚ್ಚಿ ಯಂತ್ರ ಚಾಲೂ ಮಾಡಿದಳು. ಕಪ್ಪು ಪರದೆ. ಆಮೇಲೆ ಭಾಷೆಗಳ ಹೆಸರುಗಳು ಬಂದವು. ಹುಡುಕಿದರೆ ನಡುವೆ ಕನ್ನಡವೂ ಇತ್ತು.

"ಅಯ್ಯ, ಇದಕ್ಕ ಕನ್ನಡ ಬರ್ತೈತ್ರಿ ಅಜ್ಜಾರ!"

ಕನ್ನಡವನ್ನೇ ಆರಿಸಿದಳು. ಹಾಕದೆಯೇ ಮೊದಲು ಬಳಸಿ ನೋಡಬಹುದು ಎಂದಿತು ಯಂತ್ರ. ದಾನಮ್ಮನಿಗೆ ಹೋದ ಜೀವ ಬಂದಂತಾಯಿತು. ಹಳೆಯದು ಇದ್ದಲ್ಲೇ ಇರುತ್ತದೆ, ಹೊಸದನ್ನು ಸುಮ್ಮನೆ ಹೊಕ್ಕು ನೋಡಿ ಬರಬಹುದು. ಅಲ್ಲಿ ಇಲ್ಲಿ ಒತ್ತಿ ನೋಡಿದಳು. ಎಲ್ಲ ಬೇಗ ಬೇಗ ತೆರೆದುಕೊಳ್ಳುತ್ತಿತ್ತು.

"ಹೊಸಾ ಮನಿ ಹ್ಯಾಂಗೈತಿ?"

"ಚಂದ ಐತ್ರಿ. ಅಡಿಗಿಮನಿ ಎಲ್ಲೈತಿ ಅಂತ ಇನ್ನೂ ಗೊತ್ತಾಗವಲ್ದು."

ಅಜ್ಜಾರು ನಕ್ಕರು. ನಗುವಿಗೂ ಈಗ ಸದ್ದಿರಲಿಲ್ಲ. ಅದನ್ನು ಕಂಡು ದಾನಮ್ಮನಿಗೆ ಮತ್ತೆ ಅಂಜಿಕೆ ಹತ್ತಿತು. ಹಾಕು ಎನ್ನುವ ಚಿತ್ರ ಪರದೆಯ ಮೇಲೇ ಇತ್ತು. ಈಗ ಮಾಡದಿದ್ದರೆ ಇನ್ನೆಂದಿಗೂ ಮಾಡಲಿಕ್ಕಿಲ್ಲ ಎನಿಸಿತು. ಅದನ್ನು ಒತ್ತಿದಳು. ಒಂದೆರಡು ಸಣ್ಣ ಪ್ರಶ್ನೆ ಬಂದವು, ಹೋದವು. ಆಮೇಲೆ ಒಂದು ದೊಡ್ಡ ಪ್ರಶ್ನೆ ಬಂದು ನಿಂತಿತು.

ದಾನಮ್ಮ ಕಣ್ಣು ಮುಚ್ಚಿದಳು.

"ಶಿವಾ..."

ಬೆರಳು ಒತ್ತುವ ಮೊದಲೇ ಅಜ್ಜಾರು ಅವಳ ಮುಂಗೈ ಹಿಡಿದರು. ಮುದುಕರ ಕೈಯಲ್ಲಿ ಅಷ್ಟು ಬಲ ಇದ್ದದ್ದು ಅವಳಿಗೆ ಗೊತ್ತಿರಲಿಲ್ಲ.

"ಕಣ್ಣ ತೆಗಿ. ಏನ್ ಕೇಳಾಕತ್ತೈತಿ, ಓದು."

ದಾನಮ್ಮ ಓದಿದಳು. "ಈ ಡಿಸ್ಕಿನಲ್ಲಿರುವುದೆಲ್ಲವನ್ನೂ ಅಳಿಸಿ ಲಿನಕ್ಸ್ ಹಾಕಬೇಕೇ?"

"ಎಲ್ಲಾ ಅಂದ್ರ?"

"ಎಲ್ಲಾ ಅಂದ್ರ ಎಲ್ಲಾರಿ. ಆದ್ರ ಹಾಡಿನ ನಕಲು ಪೆನ್‌ಡ್ರೈವಿನಾಗ ಐತಲ್ರಿ."

"ತೋರಿಸು."

"ಐತ್ರಿ ಅಜ್ಜಾರ. ನಾನ ಹಾಕೀನಿ."

"ತೋರಿಸು."

ಆ ಪ್ರಶ್ನೆಯನ್ನು ರದ್ದು ಮಾಡಿ, ಪೆನ್‌ಡ್ರೈವ್ ತೆರೆದಳು. ಏನೇನೋ ಇಂಗ್ಲಿಷ್ ಹೆಸರುಗಳಿದ್ದವು, ಎಲ್ಲ ಲಿನಕ್ಸಿನವು. ಹಾಡು ಕಾಣಲಿಲ್ಲ. ಒಂದೊಂದನ್ನೇ ತೆರೆದು ಹುಡುಕಿದಳು. ಮುಚ್ಚಿ ಮತ್ತೆ ಹುಡುಕಿದಳು.

"ಇಲ್ರಿ," ಎಂದಳು. ಅವಳ ಮಾತೂ ಪಿಸುಮಾತಾಗಿತ್ತು.

"ನಿನ್ನಿ ಇದಕ್ಕ ಲಿನಕ್ಸ್ ಬರೆಯೂ ಮುಂದ ಯಂತ್ರ ಏನರೆ ಕೇಳಿತ್ತೇನು?"

"ಕೆಂಪು ಅಕ್ಷರದಾಗ ಏನೋ ಕೇಳಿತ್ರಿ."

"ಏನಂತ?"

ಏನಂತ ಕೇಳಿತ್ತೋ ಅವಳಿಗೇನು ಗೊತ್ತು?

ಮಠಕ್ಕೆ ಇದ್ದದ್ದೇ ಒಂದು ಪೆನ್‌ಡ್ರೈವ್. ನಕಲಿಗೂ ಅದೇ, ಲಿನಕ್ಸಿಗೂ ಅದೇ. ಲಿನಕ್ಸ್ ಬರೆಯಬೇಕಾದರೆ ಪೆನ್‌ಡ್ರೈವಿನಲ್ಲಿ ಮೊದಲಿದ್ದುದೆಲ್ಲ ಅಳಿಯುತ್ತದೆ. ಅಳಿಸಲೇ ಎಂದು ಯಂತ್ರ ಮರ್ಯಾದೆಯಿಂದಲೇ ಕೇಳಿತ್ತು. ಇವಳು ಶಿವಾ ಎಂದಿದ್ದಳು.

ಅಂದರೆ ಈಗ ಹಾಡುಗಳಿದ್ದದ್ದು ಆ ಮುದಿ ಯಂತ್ರದ ಡಿಸ್ಕಿನಲ್ಲಿ ಮಾತ್ರ. ಅದನ್ನೂ ಅಳಿಸಲು ಬೆರಳು ಎತ್ತಿಯಾಗಿತ್ತು. ಅಜ್ಜಾರು ಕೈ ಹಿಡಿಯದೇ ಇದ್ದಿದ್ದರೆ ಆ ದನಿ ಇನ್ನು ಎಲ್ಲಿಯೂ ಇರುತ್ತಿರಲಿಲ್ಲ.

ಇದು ತಲೆಗೆ ಹೊಕ್ಕೊಡನೆ ದಾನಮ್ಮ ಗೊಳೋ ಎಂದು ಅತ್ತಳು.

"ನಾ ಇನ್ನ ಇದನ್ನ ಮುಟ್ಟಂಗಿಲ್ರಿ ಅಜ್ಜಾರ. ನನ್ನ ಕೈ ಕೆಟ್ಟ ಕೈ. ಹಳೇದ ಇರ್ಲಿ. ಎಷ್ಟು ದಿನ ಬದುಕ್ತೈತೋ ಬದುಕ್ಲಿ."

ಎದ್ದು ಹೊರಟಳು.

"ಕುಂದ್ರು."

ಕುಳಿತಳು.

"ಶಿವನ ಹೆಸರು ಹೇಳಿದ್ದು ತಪ್ಪಾತೇನ್ರಿ?"

"ಹೆಸರು ತಪ್ಪಲ್ಲ. ನೀ ಶಿವನ ಸಲುವಾಗಿ ಕಣ್ಣು ಮುಚ್ಚಿರಲಿಲ್ಲ. ಪ್ರಶ್ನಿ ಕಾಣಬಾರದು ಅಂತ ಮುಚ್ಚಿದ್ದಿ."

ದಾನಮ್ಮ ತಲೆ ತಗ್ಗಿಸಿದಳು. ನಿಜವೇ ಆಗಿತ್ತು.

ಸೆರಗಿನಿಂದ ಮುಖ ಒರೆಸಿಕೊಂಡಳು. ಪರದೆಯ ಮೇಲೆ ಹೊಸ ಲಿನಕ್ಸ್ ಇನ್ನೂ ತೆರೆದೇ ಇತ್ತು. ಹಾಕಿರಲಿಲ್ಲ, ಬಳಸಿ ನೋಡಲೆಂದು ತೆರೆದದ್ದು. ಅದರೊಳಗಿಂದಲೇ ಹಳೆಯ ಡಿಸ್ಕ್ ಕಾಣುತ್ತದೆಯೇ ಎಂದು ನೋಡಿದಳು. ಕಂಡಿತು. ಹಾಡುಗಳೂ ಕಂಡವು. ಯಾವುದಕ್ಕೆ ಇಷ್ಟು ದಿನ ಹೆದರಿ ಸತ್ತಳೋ ಅದೇ ಅವನ್ನು ಮುಂದೆ ತಂದಿಟ್ಟಿತು.

ಪೇಟೆಗೆ ಹೋಗಿ ಇನ್ನೊಂದು ಪೆನ್‌ಡ್ರೈವ್ ತಂದಳು. ಬಸ್ಸಿನಲ್ಲಿ ಅದನ್ನು ಮುಷ್ಟಿ ಬಿಚ್ಚದೆ ಹಿಡಿದುಕೊಂಡೇ ಬಂದಳು. ಹಾಡುಗಳನ್ನು ಅದಕ್ಕೆ ಹಾಕುವಾಗ ಪರದೆಯ ಮೇಲೆ ಬಂದ ಒಂದೊಂದು ಸಾಲನ್ನೂ ಗಟ್ಟಿಯಾಗಿ ಓದಿದಳು. ಇಂಗ್ಲಿಷ್ ಬಂದರೆ ಅಕ್ಷರ ಕೂಡಿಸಿ ಓದಿದಳು, ತಿಳಿಯದಿದ್ದರೆ ಮಾಸ್ತರಿಗೆ ಫೋನ್ ಮಾಡಿ ಕೇಳಿದಳು. ಮಾಸ್ತರಿಗೆ ಸಾಕುಸಾಕಾಗಿ ಹೋಯಿತು.

"ಆತೇನು?" ಎಂದರು ಅಜ್ಜಾರು.

"ಆತ್ರಿ."

"ಖರೇನ ಐತೇನು ನೋಡು."

ದಾನಮ್ಮ ಹೊಸ ಪೆನ್‌ಡ್ರೈವಿನಿಂದ ಮೊದಲ ಪದ ಹಚ್ಚಿದಳು.

ಏಕತಾರಿ ಮಿಡಿಯಿತು. ಆಮೇಲೆ ದನಿ ಬಂತು. ತುಂಬಿದ ದನಿ, ಕೋಣೆಯಿಂದ ಆಚೆ ಹೊಳೆಯವರೆಗೆ ಹೋಗುವಂಥದ್ದು. ದಾನಮ್ಮ ಅಜ್ಜಾರ ಕಡೆ ತಿರುಗಿದಳು. ತಾನು ಬದುಕಿಸಿದ್ದನ್ನು ಅವರಿಗೆ ತೋರಿಸುವ ಆಸೆ.

ಅಜ್ಜಾರು ಗೋಡೆಯ ಕಡೆ ಮುಖ ಮಾಡಿದ್ದರು. ಹೆಗಲು ಅಲುಗುತ್ತಿತ್ತು.

ಅವರು ಅಳುವುದನ್ನು ದಾನಮ್ಮ ಹಿಂದೆಂದೂ ಕಂಡಿರಲಿಲ್ಲ. ಆಪರೇಷನ್ನಿನ ದಿನವೂ ಅವರು ಡಾಕ್ಟರಿಗೆ ಚೇಷ್ಟೆ ಮಾಡಿ ನಗಿಸಿದ್ದರು. ದನಿ ಹೋದ ಮೇಲೆ ಒಂದು ದಿನವೂ ಅದರ ಸುದ್ದಿ ತೆಗೆದವರಲ್ಲ. ಅವರಿಗೆ ಅದರ ಹಂಗಿಲ್ಲ, ಇದೆಲ್ಲ ತನ್ನೊಬ್ಬಳ ಸಂಕಟ ಎಂದುಕೊಂಡಿದ್ದಳು. ಪದ ನಿಲ್ಲಿಸಲು ಕೈ ಚಾಚಿದಳು.

"ಇರ್ಲಿ," ಎಂದರು ಅಜ್ಜಾರು. "ಎಲ್ಲಾ ಹಚ್ಚು. ಒಂದೂ ಬಿಡಬ್ಯಾಡ."

ಒಂದೂ ಬಿಡದೆ ಕೇಳಿದರು. ರೊಟ್ಟಿ ತಣ್ಣಗಾಯಿತು, ಯಾರಿಗೂ ಹಸಿವಾಗಲಿಲ್ಲ. ಎಲ್ಲ ಪದಗಳೂ ಸರಿಯಾಗಿದ್ದವು.

ದಾನಮ್ಮ ಹಾಡಿನ ಪೆನ್‌ಡ್ರೈವ್ ತೆಗೆದು ಅಜ್ಜಾರ ಕೈಗೆ ಕೊಟ್ಟಳು. ಲಿನಕ್ಸಿನದನ್ನು ಯಂತ್ರದಲ್ಲೇ ಬಿಟ್ಟಳು. ಮತ್ತೆ ಹಾಕು ಎನ್ನುವುದನ್ನು ಒತ್ತಿದಳು. ಸಣ್ಣ ಪ್ರಶ್ನೆಗಳು ಬಂದವು, ಓದಿ ಉತ್ತರ ಕೊಟ್ಟಳು. ದೊಡ್ಡ ಪ್ರಶ್ನೆ ಬಂದು ನಿಂತಿತು. ಅದನ್ನೂ ಓದಿದಳು. ಎಲ್ಲವನ್ನೂ ಅಳಿಸಿ.

ಬೆರಳು ಮೇಲೆಯೇ ನಿಂತಿತು.

"ನಕಲು ಐತಲ್ಲ?" ಎಂದರು ಅಜ್ಜಾರು.

"ಐತ್ರಿ."

"ಕೇಳಿದಿಯಲ್ಲ?"

"ಕೇಳೀನ್ರಿ. ಆದ್ರೂ ಅಂಜಿಕಿ ಹೋಗವಲ್ದು ಅಜ್ಜಾರ. ನಾಳಿ ಆ ಪೆನ್‌ಡ್ರೈವೂ ಕೆಟ್ರ? ಹೊಸಾದರಾಗ ಹಾಡು ತೆರೀದಿದ್ರ? ನನಗ ಗೊತ್ತಿಲ್ಲದ್ದು ಮತ್ತೇನರೆ ಇದ್ರ?"

ಅಜ್ಜಾರು ಪೆನ್‌ಡ್ರೈವನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದರು.

ದಾನಮ್ಮ ಅವರ ಕೈ ನೋಡಿದಳು.

"ಅಜ್ಜಾರ, ನಿಮಗೂ ಅಂಜಿಕಿ ಐತೇನ್ರಿ?"

"ಐತಿ."

"ಮತ್ತ ನಿಮಗ ಅಂಜಿಕಿ ಇದ್ರ ನನಗ ಧೈರ್ಯ ಹೇಳವ್ರು ಯಾರ್ರಿ? ಹೋಗೇಬಿಟ್ರ ಏನ್ ಮಾಡೂದು?"

ಅಜ್ಜಾರು ಚಾಪೆಯ ಮೇಲೆ ಇನ್ನಷ್ಟು ಹತ್ತಿರ ಸರಿದು ಕುಳಿತರು.

"ಹೋದ್ರ ಇಬ್ಬರೂ ಕೂಡಿ ಅಳೂಣು. ಈಗ ಒತ್ತು."