ಗಾಯವಿಲ್ಲದ ಮುಖ

ಹೊಳೆದಂಡೆಯ ಊರಿನಲ್ಲಿ ಅಂದಾನಪ್ಪನವರದು ಒಂದು ಫೋಟೋ ಸ್ಟುಡಿಯೋ. ಮೌನೇಶ ಅವರಲ್ಲಿ ಕೆಲಸ ಕಲಿಯಲು ಬಂದಿದ್ದ. ಅವರನ್ನು ಗುರುಗಳೇ ಎಂದೇ ಕರೆಯುತ್ತಿದ್ದ.

ಮದುವೆ ಆಲ್ಬಮ್ ಎಂದರೆ ನೂರಾರು ಮುಖ. ಒಂದೊಂದನ್ನೂ ತೆರೆದು, ಕಲೆ ಅಳಿಸಿ, ಚರ್ಮ ನುಣುಪು ಮಾಡಿ, ಬಣ್ಣ ತಿಳಿಗೊಳಿಸಬೇಕು. ಮೌನೇಶನಿಗೆ ಬೇಸರ ಬಂತು. ಆ ಕೆಲಸವನ್ನೆಲ್ಲ ಒಮ್ಮೆ ಮಾಡಿ ಕಂಪ್ಯೂಟರಿನಲ್ಲಿ ರೆಕಾರ್ಡ್ ಮಾಡಿಟ್ಟ. ಸ್ಟುಡಿಯೋದವರು ಇದನ್ನು ಆಕ್ಷನ್ ಎನ್ನುತ್ತಾರೆ. ಆಮೇಲೆ ಒಂದು ಬಟನ್ ಒತ್ತಿದರೆ ಸಾಕು, ಫೋಲ್ಡರಿನ ಫೋಟೋಗಳೆಲ್ಲ ತಾವಾಗಿಯೇ ತೆರೆದುಕೊಂಡು, ತಿದ್ದಿಸಿಕೊಂಡು, ಸೇವ್ ಆಗಿ ಮುಚ್ಚಿಕೊಳ್ಳುತ್ತಿದ್ದವು.

"ನೋಡಿ ಗುರುಗಳೇ, ವಾರದ ಕೆಲಸ ಚಹಾ ಕುಡಿಯೋದ್ರೊಳಗೆ ಮುಗೀತು."

"ಒಳ್ಳೇದಾಯ್ತು," ಎಂದರು ಅಂದಾನಪ್ಪ. ಕೂತು ಕೂತು ಅವರ ಬೆನ್ನೂ ಸೋತಿತ್ತು.

ಆ ವರ್ಷ ಮರಳು ತೆಗೆಯುವವರ ದೋಣಿಯೊಂದು ಹೊಳೆಯಲ್ಲಿ ಮಗುಚಿತು. ಕೂಲಿಯವರೆಲ್ಲ ಬೇರೆ ಬೇರೆ ಊರಿನವರು. ಅವರ ಹೆಸರು ಯಾರಿಗೂ ಗೊತ್ತಿರಲಿಲ್ಲ. ಕರೆತಂದ ಮೇಸ್ತ್ರಿ ಊರು ಬಿಟ್ಟು ಓಡಿದ್ದ.

ಹೆಣಗಳ ಫೋಟೋ ತೆಗೆಯಲು ಪೊಲೀಸರು ಅಂದಾನಪ್ಪನವರನ್ನು ಕರೆಸಿದರು. ನೀರಿನಲ್ಲಿ ಊದಿದ ಮುಖಗಳು ಒಂದರ ಹಾಗೆ ಒಂದು ಕಾಣುತ್ತಿದ್ದವು. ಗುರುತು ಹಿಡಿಯಲು ಉಳಿದದ್ದು ಮಚ್ಚೆ, ಹಚ್ಚೆ, ಹಳೆಯ ಗಾಯ, ಅಷ್ಟೇ. ಅಂದಾನಪ್ಪ ಪ್ರತಿಯೊಬ್ಬರ ಪಕ್ಕದಲ್ಲೂ ಮಂಡಿಯೂರಿ ಫೋಟೋ ತೆಗೆದರು. ಸ್ಟುಡಿಯೋಕ್ಕೆ ಬಂದವರೇ ಕ್ಯಾಮೆರಾದ ಕಾರ್ಡನ್ನು ಮೌನೇಶನಿಗೆ ಕೊಟ್ಟರು.

"ಪ್ರಿಂಟ್ ಹಾಕಿ ಠಾಣೆಗೆ ಮುಟ್ಟಿಸು. ಹೆಣದ ಹತ್ರ ಕೂತ ಮೈ, ಸ್ನಾನ ಆಗ್ಬೇಕು. ಮನೆಗೆ ಹೋಗ್ತೀನಿ."

ಸತ್ತವರ ಮುಖ ತೆರೆದು ನೋಡಲು ಮೌನೇಶನಿಗೆ ಧೈರ್ಯ ಬರಲಿಲ್ಲ. ಮದುವೆಯ ಫೋಟೋಗಳಿಗೆ ಮಾಡಿದ್ದ ಆಕ್ಷನ್ನನ್ನೇ ಅವಕ್ಕೂ ಓಡಿಸಿ ಹೊರಗೆ ಹೋಗಿ ನಿಂತ. ಪ್ರಿಂಟುಗಳನ್ನು ಬೋರಲು ಹಿಡಿದೇ ಕವರಿಗೆ ತುಂಬಿ ಠಾಣೆಗೆ ಕೊಟ್ಟ. ಕಾರ್ಡನ್ನು ಅಳಿಸಿ ಮುಂದಿನ ಕೆಲಸಕ್ಕೆ ಸಿದ್ಧ ಮಾಡಿದ.

ಯಾರೂ ಕೇಳಿಕೊಂಡು ಬಾರದ ಹೆಣಗಳನ್ನು ಪುರಸಭೆಯವರು ಹೂಳಿದರು.

ಕೆಲವು ದಿನಗಳ ಮೇಲೆ ಒಬ್ಬ ಹೆಂಗಸು ಸ್ಟುಡಿಯೋಕ್ಕೆ ಬಂದಳು. ಹೆಸರು ದುರುಗಮ್ಮ. ಕೈಯಲ್ಲೊಂದು ಸಣ್ಣ ಫೋಟೋ.

"ಅಣ್ಣಾ, ಇವನು ನನ್ನ ಮಗ ತಿಪ್ಪೇಶ. ಮರಳಿನ ಕೆಲಸಕ್ಕೆ ಅಂತ ಈ ಕಡೆ ಬಂದಿದ್ದ. ಇದನ್ನ ದೊಡ್ಡದು ಮಾಡಿ ಕೊಡಿ. ಬಸ್ ಸ್ಟ್ಯಾಂಡಿನಾಗೆ ಹಚ್ತೀನಿ."

ಅಂದಾನಪ್ಪ ಫೋಟೋ ನೋಡಿದರು. ಹುಡುಗನ ಹುಬ್ಬಿನಿಂದ ಕೆನ್ನೆಯವರೆಗೆ ಉದ್ದಕ್ಕೆ ಒಂದು ಗಾಯದ ಕಲೆ. ಅವರು ಫೋಟೋವನ್ನು ಕಣ್ಣಿನ ಹತ್ತಿರ ಹಿಡಿದು ಮತ್ತೆ ನೋಡಿದರು.

"ಠಾಣೆಗೆ ಹೋಗಿದ್ರಾ ತಾಯಿ?"

"ಹೋಗಿದ್ದೆ. ಸತ್ತೋರ ಫೋಟೋ ಎಲ್ಲಾ ತೋರಿಸಿದ್ರು. ಒಬ್ಬನ್ನ ನೋಡಿ ಎದೆ ಧಸಕ್ ಅಂತು. ಆದ್ರೆ ಅವನ ಮುಖ ನುಣ್ಣಗಿತ್ತು. ನನ್ನ ಮಗಂಗೆ ಕುಡುಗೋಲು ತಾಗಿದ ಗಾಯ ಐತಲ್ಲ." ಅವಳ ಮುಖದಲ್ಲಿ ನಗೆಯಂಥದೇನೋ ಸುಳಿಯಿತು. "ಎಲ್ಲೋ ಬದುಕಿದಾನೆ."

ಅಂದಾನಪ್ಪ ಶಿಷ್ಯನ ಕಡೆ ತಿರುಗಿದರು. "ಠಾಣೆಗೆ ಕೊಟ್ಟ ಫೋಟೋ ತೆಗಿ."

ಮೌನೇಶ ತೆರೆದ. ಸತ್ತವರು ಮದುವೆಗೆ ಬಂದ ನೆಂಟರಂತೆ ಬೆಳ್ಳಗೆ, ನುಣ್ಣಗೆ ಕಂಡರು.

"ಮೊದಲಿನವು ಎಲ್ಲಿ?"

"ತಿದ್ದಿದವು ಅವುಗಳ ಮೇಲೇ ಸೇವ್ ಆಗಿವೆ. ಮೊದಲಿನವು ಉಳಿದಿಲ್ಲ."

"ಕಾರ್ಡು?"

"ಅಳಿಸಿಬಿಟ್ಟೆ ಗುರುಗಳೇ."

ಅಂದಾನಪ್ಪ ದುರುಗಮ್ಮನ ಎದುರಿಗೆ ಬಂದು ನೆಲದ ಮೇಲೆ ಕೂತರು.

"ತಾಯಿ, ಹೊಳೆ ಹತ್ರ ಈ ಹುಡುಗನ ಫೋಟೋ ತೆಗೆದವನು ನಾನು. ಗಾಯ ಇತ್ತು. ಕಣ್ಣಾರೆ ಕಂಡಿದ್ದೀನಿ. ಇಲ್ಲಿ ತಿದ್ದುವಾಗ ಅಳಿಸಿಹೋಗಿದೆ. ಅವನು ನಿಮ್ಮ ಮಗ."

ಅವಳು ಕಂಪ್ಯೂಟರಿನಲ್ಲಿದ್ದ ಮುಖವನ್ನು ಬಹಳ ಹೊತ್ತು ನೋಡಿದಳು.

"ಇದ್ರಾಗೆ ಇಲ್ವಲ್ಲಣ್ಣಾ."

"ಅಳಿಸಿದ್ದು ನಾವು."

"ಸತ್ತೋನ ಮುಖ ಯಾರಾದ್ರೂ ಚಂದ ಮಾಡ್ತಾರಾ? ನಿಮಗೂ ವಯಸ್ಸಾತು. ಬೇರೆ ಯಾರನ್ನೋ ನೋಡಿರ್ತೀರಿ."

ಮೌನೇಶ ಮುಂದೆ ಬಂದು ಕೈ ಮುಗಿದ. "ಅವರು ಹೇಳ್ತಿರೋದು ನಿಜ ಅಮ್ಮಾ. ತಪ್ಪು ನನ್ನದು."

"ನೀನು ನೋಡಿದ್ಯೇನಪ್ಪಾ, ಆ ಗಾಯನ?"

"ಇಲ್ಲಮ್ಮಾ," ಎಂದ ಮೌನೇಶ.

ಅವಳು ಮಗನ ಫೋಟೋವನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡಳು. "ಬೇರೆ ಅಂಗಡಿಯಾಗೆ ಮಾಡಿಸ್ತೀನಿ ಬಿಡ್ರಿ," ಎಂದು ಹೊರಟುಹೋದಳು.

ಅಂದಾನಪ್ಪ ಠಾಣೆಗೆ ಹೋದರು. ಅಲ್ಲಿನವರು ಫೋಟೋ ಮುಂದಿಟ್ಟು ಕೇಳಿದರು: "ಇದರಲ್ಲಿ ಗಾಯ ಎಲ್ಲಿದೆ? ನಮ್ಮ ಪಂಚನಾಮೆಯಲ್ಲೂ ಬರೆದಿಲ್ಲ. ಹೆತ್ತ ತಾಯಿಯೇ ತನ್ನ ಮಗ ಅಲ್ಲ ಅಂತ ಹೇಳಿ ಹೋಗಿದ್ದಾಳೆ. ನಿಮ್ಮ ಬಾಯಿಮಾತಿಗೆ ಹೂತ ಹೆಣ ತೆಗೆಸೋದಾ?"

ಅವರು ತಿರುಗಿ ಬಂದಾಗ ಮೌನೇಶ ಕಂಪ್ಯೂಟರಿನ ಮುಂದೆಯೇ ಇದ್ದ. ಅತ್ತು ಕಣ್ಣು ಕೆಂಪಾಗಿತ್ತು.

"ಗಾಯ ಹೇಗಿತ್ತು ಅಂತ ಹೇಳಿ ಗುರುಗಳೇ. ಈ ಮುಖದ ಮೇಲೆ ಮತ್ತೆ ಬರೀತೀನಿ. ಗೊತ್ತೇ ಆಗಲ್ಲ. ಆ ಪ್ರಿಂಟ್ ತೋರಿಸಿದ್ರೆ ಎಲ್ಲರೂ ನಂಬ್ತಾರೆ."

ಅಂದಾನಪ್ಪ ಕೈ ಚಾಚಿ ಕಂಪ್ಯೂಟರ್ ಆರಿಸಿದರು.

"ಆದ್ರೆ ಗಾಯ ಇದ್ದದ್ದು ನಿಜ ತಾನೇ?"

ಗುರು ಕುರ್ಚಿ ಎಳೆದುಕೊಂಡು ಶಿಷ್ಯನ ಪಕ್ಕ ಕೂತರು.

"ನೀವು ಕಣ್ಣಾರೆ ಕಂಡದ್ದನ್ನ ಹೇಳಿದ್ರಿ. ಆದ್ರೂ ಆಕೆ ಯಾಕೆ ನಂಬಲಿಲ್ಲ?"

ಅಂದಾನಪ್ಪ ಹೇಳಿದರು: "ನಾನು ಅವಳ ಮಗನನ್ನು ನೋಡಿದ್ದೆ, ಕೊಡೋಕೆ ನನ್ನ ಹತ್ರ ಬರೀ ಮಾತಿತ್ತು. ನೀನು ನೋಡಲೇ ಇಲ್ಲ, ಆದ್ರೂ ಅವಳಿಗೊಂದು ಮುಖ ಕೊಟ್ಟೆ. ಅದನ್ನೇ ನಂಬಿಕೊಂಡು ಆ ತಾಯಿ ಸಾಯೋವರೆಗೂ ಹುಡುಕ್ತಾಳೆ."